ತೂಕ ನೋಡಿ ಮುಚ್ಚುವ ದಾರಿ

ವರ್ಮ್‌ಹೋಲ್ ದಾಟಿದ ಕೂಡಲೇ ಅರಿವಿಗೆ ಬರುವುದು ಮೌನ. ‘ಈವ್ ಆನ್‌ಲೈನ್’ ಆಟದ ಬೇರೆ ಕಡೆಗಳಲ್ಲಿ ಸಾಮಾನ್ಯವಾಗಿ ಒಂದು ಸೌರವ್ಯೂಹಕ್ಕೆ ಕಾಲಿಟ್ಟರೆ ಅಲ್ಲಿ ಯಾರ್ಯಾರಿದ್ದಾರೆ ಎಂಬ ಪಟ್ಟಿ ಪರದೆಯ ಮೇಲಿರುತ್ತದೆ. ಶತ್ರುವಿನ ಹಡಗಿಗಿಂತ ಮೊದಲು ಅವನ ಹೆಸರು ಬರುತ್ತದೆ. ಇಲ್ಲಿ ಹಾಗಲ್ಲ. ಮಾತಾಡಿದವರ ಹೆಸರು ಮಾತ್ರ ಮೂಡುತ್ತದೆ, ಯಾರೂ ಮಾತಾಡುವುದಿಲ್ಲ.

ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯವಿಕ್‌ನಲ್ಲಿರುವ ಸಿಸಿಪಿ ಗೇಮ್ಸ್ ಈ ಆಟವನ್ನು ಹೊರತಂದದ್ದು 2003ರ ಮೇ ತಿಂಗಳಲ್ಲಿ. ಆರು ವರ್ಷಗಳ ನಂತರ, 2009ರ ಮಾರ್ಚ್‌ನಲ್ಲಿ, ‘ಅಪಾಕ್ರಿಫಾ’ ಎಂಬ ವಿಸ್ತರಣೆಯೊಂದಿಗೆ ಸುಮಾರು 2,500 ಹೊಸ ಸೌರವ್ಯೂಹಗಳು ಸೇರಿದವು. ಅವುಗಳಿಗೆ ಊರಿನಂಥ ಹೆಸರಿಲ್ಲ. ‘ಜೆ’ ಅಕ್ಷರ, ಅದರ ಮುಂದೆ ಆರು ಅಂಕಿ, ಅಷ್ಟೇ. ಒಂದರಿಂದ ಇನ್ನೊಂದಕ್ಕೆ ಹೋಗಲು ಸ್ಟಾರ್‌ಗೇಟ್‌ಗಳೂ ಇಲ್ಲ. ವರ್ಮ್‌ಹೋಲ್ ಎಂಬ ದಾರಿಯನ್ನು ನಾವೇ ಹುಡುಕಿಕೊಳ್ಳಬೇಕು, ನಾಳೆ ಅದೇ ದಾರಿ ಇರುವುದಿಲ್ಲ.

ಹುಡುಕಾಟವೇ ಒಂದು ಕೈಕಸುಬು. ಎಂಟು ಪ್ರೋಬ್‌ಗಳನ್ನು ಹಾರಿಬಿಟ್ಟು, ನಕ್ಷೆಯ ಮೇಲೆ ಅವುಗಳನ್ನು ಒಂದು ಸಂಕೇತದ ಸುತ್ತ ಕೂರಿಸಿ ಸ್ಕ್ಯಾನ್ ಮಾಡಬೇಕು. ಮೊದಲ ಸಲ ಸಿಗುವುದು ಮಸುಕಾದ ಅಂದಾಜು. ವ್ಯಾಪ್ತಿಯನ್ನು ಕುಗ್ಗಿಸಿ, ಪ್ರೋಬ್‌ಗಳನ್ನು ತುಸು ಸರಿಸಿ ಮತ್ತೆ ಸ್ಕ್ಯಾನ್. ಸಂಕೇತ ಶೇ 100 ತಲುಪಿದಾಗಲೇ ಅಲ್ಲಿಗೆ ಹೋಗಲು ಸಾಧ್ಯ. ಕೈ ಪಳಗಿದವರು ಇದನ್ನು ಒಂದೆರಡು ನಿಮಿಷದಲ್ಲಿ ಮುಗಿಸುತ್ತಾರೆ. ನನಗೆ ಮೊದಲ ರಾತ್ರಿ ಅರ್ಧ ಗಂಟೆ ಬೇಕಾಯಿತು. ಕೊನೆಗೆ ಕಂಡದ್ದು ಕತ್ತಲಲ್ಲಿ ತೇಲುತ್ತ ಬಾಗಿ ಬಳುಕುವ ಒಂದು ಗೋಳ. ಅದರೊಳಗೆ ಆಚೆ ಕಡೆಯ ಆಕಾಶದ ಬಣ್ಣ. ಅದನ್ನು ನೋಡುತ್ತ ಎಷ್ಟು ಹೊತ್ತು ಕೂತೆನೋ!

ಆ ದಾರಿಯನ್ನು ಓದಲು ಕಲಿಯುವುದು ಮುಂದಿನ ಪಾಠ. ಪ್ರತಿ ವರ್ಮ್‌ಹೋಲಿಗೂ ಆಯುಸ್ಸಿದೆ. ಕೆಲವಕ್ಕೆ 16 ಗಂಟೆ, ಕೆಲವಕ್ಕೆ 24 ಗಂಟೆ. ಆಯುಸ್ಸಿನ ಜೊತೆ ತೂಕದ ಮಿತಿಯೂ ಇದೆ. ಮಲೆನಾಡಿನ ಕಾಲುಸಂಕವನ್ನು ನೆನೆಸಿಕೊಳ್ಳಿ: ಅಡಿಕೆ ದಬ್ಬೆ ಎಷ್ಟು ಭಾರ ತಡೆಯುತ್ತದೆ ಎಂಬುದು ದಾಟುವವನಿಗೆ ಗೊತ್ತಿರಬೇಕು. ಒಟ್ಟು 200 ಕೋಟಿ ಕೆ.ಜಿ. ತಡೆಯುವ ದಾರಿ ಸಾಮಾನ್ಯವಾಗಿ ಸಿಗುತ್ತದೆ. ಒಂದು ಬ್ಯಾಟಲ್‌ಶಿಪ್‌ನ ತೂಕ ಹೆಚ್ಚುಕಡಿಮೆ 10 ಕೋಟಿ ಕೆ.ಜಿ. ವೇಗ ಹೆಚ್ಚಿಸುವ ದೊಡ್ಡ ಮೈಕ್ರೋವಾರ್ಪ್ ಡ್ರೈವ್ ಚಾಲೂ ಮಾಡಿದರೆ ಇನ್ನೊಂದು 5 ಕೋಟಿ ಸೇರುತ್ತದೆ. ದಾಟಿದ ಪ್ರತಿ ಹಡಗಿನ ತೂಕವೂ ಲೆಕ್ಕದಿಂದ ಕಳೆಯುತ್ತದೆ. ಅರ್ಧ ತೀರಿದಾಗ ಗೋಳ ಕುಗ್ಗುತ್ತದೆ, ಶೇ 10ಕ್ಕಿಂತ ಕಡಿಮೆ ಉಳಿದಾಗ ಇನ್ನಷ್ಟು ಕುಗ್ಗುತ್ತದೆ. ಎಷ್ಟು ಕೆ.ಜಿ. ಉಳಿದಿದೆ ಎಂದು ಮಾತ್ರ ಆಟ ಎಂದೂ ಹೇಳುವುದಿಲ್ಲ. ಮೂಲ ಮಿತಿಯಲ್ಲೇ ಶೇ 10ರಷ್ಟು ಏರುಪೇರು ಇರುವುದರಿಂದ ಬಾಯಿಲೆಕ್ಕವೂ ಪೂರ್ತಿ ಕೈಹಿಡಿಯುವುದಿಲ್ಲ.

ಈ ಸೌರವ್ಯೂಹಗಳಲ್ಲೇ ಮನೆ ಮಾಡಿಕೊಂಡಿರುವ ಆಟಗಾರರು ಈ ಲೆಕ್ಕವನ್ನೇ ಬಾಗಿಲ ಚಿಲಕ ಮಾಡಿಕೊಂಡಿದ್ದಾರೆ. ಬೇಡದ ದಾರಿಯೊಂದು ತೆರೆದಿದ್ದರೆ ಭಾರದ ಹಡಗುಗಳನ್ನು ಬೇಕೆಂದೇ ಅತ್ತಿತ್ತ ಓಡಾಡಿಸಿ ಅದನ್ನು ಮುಚ್ಚುತ್ತಾರೆ. ಇದಕ್ಕೆ ಅವರು ಹೇಳುವುದು ‘ರೋಲಿಂಗ್’. ಹೋಗುವಾಗ ಡ್ರೈವ್ ಆರಿಸಿ ಹಗುರವಾಗಿ ಹೋಗು, ಬರುವಾಗ ಚಾಲೂ ಮಾಡಿ ಭಾರವಾಗಿ ಬಾ. ಯಾಕೆಂದರೆ ಉಳಿದ ಮಿತಿಗಿಂತ ಭಾರದ ಹಡಗನ್ನೂ ವರ್ಮ್‌ಹೋಲ್ ಕೊನೆಯದಾಗಿ ಒಮ್ಮೆ ಬಿಡುತ್ತದೆ, ಬಿಟ್ಟು ಮುಚ್ಚಿಕೊಳ್ಳುತ್ತದೆ. ಆ ಗಳಿಗೆ ನೀವು ಮನೆಯ ಕಡೆಗಿರಬೇಕು. ಲೆಕ್ಕ ಒಂದು ಹಡಗಿನಷ್ಟು ತಪ್ಪಿದರೂ ಆಚೆ ಉಳಿದಂತೆ.

ಭೌತವಿಜ್ಞಾನದ ವರ್ಮ್‌ಹೋಲ್ ಇದಕ್ಕಿಂತ ಬಿಗಿ. ಐನ್‌ಸ್ಟೈನ್ ಮತ್ತು ನೇಥನ್ ರೋಸೆನ್ 1935ರಲ್ಲಿ ಸಮೀಕರಣಗಳೊಳಗೆ ಇಂಥದೊಂದು ಸೇತುವೆ ಕಂಡರು. 1962ರಲ್ಲಿ ರಾಬರ್ಟ್ ಫುಲ್ಲರ್ ಮತ್ತು ಜಾನ್ ವೀಲರ್, ಆ ಸೇತುವೆ ಬೆಳಕಿನ ಕಿರಣ ದಾಟುವಷ್ಟು ಹೊತ್ತೂ ತೆರೆದಿರದು ಎಂದು ತೋರಿಸಿದರು. 1988ರಲ್ಲಿ ಮೈಕೆಲ್ ಮಾರಿಸ್ ಮತ್ತು ಕಿಪ್ ಥಾರ್ನ್ ಹೇಳಿದ್ದು, ಅದನ್ನು ತೆರೆದಿಡಲು ಋಣಾತ್ಮಕ ಶಕ್ತಿಯ ವಿಚಿತ್ರ ದ್ರವ್ಯ ಬೇಕು ಎಂದು. ಹೀಗಾಗಿ ಮುಚ್ಚಿಕೊಳ್ಳುವುದೇ ವರ್ಮ್‌ಹೋಲಿನ ಸ್ವಭಾವ. ಸಿನಿಮಾಗಳು ಅದನ್ನು ಹೆಚ್ಚಾಗಿ ಸುರಂಗಮಾರ್ಗದಂತೆ ತೋರಿಸುತ್ತವೆ. ಈ ಆಟ ಅದರ ಅಸ್ಥಿರತೆಯನ್ನೇ ನಿಯಮ ಮಾಡಿಕೊಂಡಿತು. ಅದಕ್ಕೇ ಇದರ ಮೇಲೆ ನನಗೆ ಅಷ್ಟು ಗೌರವ.

ಮೊದಲ ಬಾರಿ ಒಳಹೋದಾಗ, ಬಂದ ದಾರಿಯನ್ನು ಬುಕ್‌ಮಾರ್ಕ್ ಮಾಡಲು ಮರೆತೆ. ಒಂದು ಗ್ರಹದತ್ತ ಹೋಗಿ ತಿರುಗಿ ನೋಡುವಷ್ಟರಲ್ಲಿ ಅದು ಕಣ್ಣಿಗಿಲ್ಲ. ಹಡಗು ಬಿಟ್ಟು, ನಾನಿರುವ ಪುಟ್ಟ ಕೋಶವಾದ ಪಾಡ್ ಒಡೆದುಕೊಂಡರೆ ಊರಿನ ನಿಲ್ದಾಣದಲ್ಲಿ ಕ್ಲೋನ್ ಆಗಿ ಎಚ್ಚರವಾಗಬಹುದಿತ್ತು, ಆದರೆ ಹಡಗು ಹೋಗುತ್ತಿತ್ತು. ಪ್ರೋಬ್‌ಗಳನ್ನು ಬಿಟ್ಟು ಒಂದೊಂದೇ ಸಂಕೇತ ಶೋಧಿಸುತ್ತ ಕೂತೆ. ಐದು ಸಂಕೇತಗಳಿದ್ದ ಪಟ್ಟಿಯಲ್ಲಿ ಇದ್ದಕ್ಕಿದ್ದಂತೆ ಆರನೆಯದು ಮೂಡಿತು. ಸ್ಕ್ಯಾನ್ ಮಾಡಿ ಅಲ್ಲಿಗೆ ಹೋದೆ. ಅದರ ಹೆಸರು ಕೆ162. ಆ ಹೆಸರಿನ ವರ್ಮ್‌ಹೋಲ್ ಕಂಡಿತೆಂದರೆ, ಆಚೆ ಬದಿಯಿಂದ ಯಾರೋ ಅದನ್ನು ಆಗಲೇ ತೆರೆದಿದ್ದಾರೆ ಎಂದರ್ಥ. ಚಾಟ್ ಪಟ್ಟಿ ಖಾಲಿಯೇ ಇತ್ತು.