ನಂದಳಿಕೆಯ ಡ್ರಿಲ್ ಮಾಸ್ತರ

ಕನ್ನಡ ಶಾಲೆಯಲ್ಲಿ ನಾಲ್ಕು ವರ್ಷ ಓದಿದವರಲ್ಲಿ ಮುದ್ದಣ ಮನೋರಮೆಯರ ಸಲ್ಲಾಪವನ್ನು ಅರಿಯದವರು ವಿರಳ. ಮಳೆಗಾಲದ ಸಂಜೆ, ಅರಮನೆಯಿಂದ ಮರಳಿದ ಕವಿ, ಅವನನ್ನು ಎದುರ್ಗೊಂಡು ಉಪಚರಿಸಿ, ಹೊತ್ತು ಹೋಗುವಂತೆ ಒಂದು ಕಥೆ ಹೇಳಬೇಕೆಂದು ಹಟ ಹಿಡಿಯುವ ಮಡದಿ. ಆ ಮನೆಯಲ್ಲಿ ನೆಲೆಸಿರುವ ನೆಮ್ಮದಿಯನ್ನೂ ದಂಪತಿಗಳ ಸರಸವನ್ನೂ ಕಂಡ ಓದುಗನು, ಇದನ್ನು ಬರೆದಾತ ಯಾವನೋ ರಸಿಕ ಅರಸನ ಆಶ್ರಯದಲ್ಲಿ ಉಂಡುಟ್ಟು ಸುಖವಾಗಿದ್ದ ಆಸ್ಥಾನಕವಿಯೇ ಇರಬೇಕೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಒಂದು ಕಾಲಕ್ಕೆ ವಿದ್ವಾಂಸರಲ್ಲಿಯೂ ಕೆಲವರು ಹಾಗೆಯೇ ಭಾವಿಸಿದ್ದುಂಟು. ನಿಜದಲ್ಲಿ ಆತನು ದಕ್ಷಿಣ ಕನ್ನಡದ ಶಾಲೆಗಳಲ್ಲಿ ಹುಡುಗರನ್ನು ಸಾಲಾಗಿ ನಿಲ್ಲಿಸಿ ಕವಾಯತು ಕಲಿಸುತ್ತಿದ್ದ ಡ್ರಿಲ್ ಮಾಸ್ತರ. ಅರಮನೆಯ ಸಂಬಂಧ ಅವನಿಗೆ ಬರವಣಿಗೆಯಲ್ಲಲ್ಲದೆ ಬೇರೆಲ್ಲಿಯೂ ಇರಲಿಲ್ಲ.

ಹೆಸರು ಲಕ್ಷ್ಮೀನಾರಣಪ್ಪ. ಜನನ 1870ನೆಯ ಇಸವಿಯ ಜನವರಿಯಲ್ಲಿ, ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ. ತಂದೆ ಪಾಠಾಳಿ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಮ್ಮ. ಮುದ್ದಣ ಎಂಬುದು ತಾಯಿ ಅಕ್ಕರೆಯಿಂದ ಕರೆದ ಹೆಸರು. ಊರಿನ ಶಾಲೆಯ ಓದು ಮುಗಿದ ಮೇಲೆ ಉಡುಪಿಗೆ ಬಂದು ಇಂಗ್ಲಿಷ್ ವಿದ್ಯೆಗೆ ಕೈಹಾಕಿದನಾದರೂ, ಮನೆಯ ಬಡತನವು ಆ ದಾರಿಯನ್ನು ನಡುವಿನಲ್ಲಿಯೇ ತಡೆದುಬಿಟ್ಟಿತು. ವ್ಯಾಯಾಮಶಿಕ್ಷಣದಲ್ಲಿ ತರಬೇತಿ ಪಡೆದರೆ ಬೇಗ ಕೆಲಸ ದೊರೆಯುವ ಸಂಭವವಿದ್ದುದರಿಂದ ಅದನ್ನೇ ಹಿಡಿದನು. ಉಡುಪಿ, ಕುಂದಾಪುರ, ಮರಳಿ ಉಡುಪಿ ಎಂದು ಅವನ ಉದ್ಯೋಗಜೀವನವೆಲ್ಲ ಈ ಎರಡು ಊರುಗಳ ನಡುವೆಯೇ ಸವೆಯಿತು. ಕೊನೆಗಾಲದಲ್ಲಿ ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಕನ್ನಡ ಪಾಠವನ್ನೂ ಹೇಳಿದನು.

ಉನ್ನತ ಶಿಕ್ಷಣವಿಲ್ಲದ ಈ ತರುಣನಿಗೆ ಹಳಗನ್ನಡದ ಮೇಲೆ ಅಂಥ ಹಿಡಿತ ಎಲ್ಲಿಂದ ಬಂದಿತು? ಸ್ವಂತ ವ್ಯಾಸಂಗ, ಮಳಲಿ ಸುಬ್ಬರಾಯರಂಥ ವಿದ್ಯಾಪ್ರೇಮಿಗಳ ಸಹವಾಸ ಇವೆರಡನ್ನೂ ಹೇಳಬೇಕು. ಆದರೆ ಇವಕ್ಕೂ ಹಿಂದಿನದು ಯಕ್ಷಗಾನ. ಕರಾವಳಿಯಲ್ಲಿ ಓದುಬರಹ ಬಾರದವನಿಗೂ ರಾಮಾಯಣ ಭಾರತಗಳು ಬಾಯಿಪಾಠವಾಗುವುದು ಬಯಲಾಟದ ರಂಗಸ್ಥಳದ ಮುಂದೆ, ಚೆಂಡೆಮದ್ದಳೆಯ ನಾದದಲ್ಲಿ, ಬೆಳಗಾಗುವವರೆಗೆ ಕುಳಿತು. ಮುದ್ದಣನ ಮೊದಲ ರಚನೆಗಳೂ ಪ್ರಸಂಗಗಳೇ: ‘ರತ್ನಾವತೀ ಕಲ್ಯಾಣ’ ಮತ್ತು ‘ಕುಮಾರವಿಜಯ’. ರಾಗತಾಳಗಳ ವೈವಿಧ್ಯಕ್ಕಾಗಿ ‘ಕುಮಾರವಿಜಯ’ವನ್ನು ಭಾಗವತರು ಇಂದಿಗೂ ಗೌರವದಿಂದ ಕಾಣುತ್ತಾರೆ. ಪದ್ಯವನ್ನು ಭಾಗವತನು ಹಾಡಿದೊಡನೆ ಪಾತ್ರಧಾರಿಗಳು ಅದರ ಅರ್ಥವನ್ನು ಹಿಡಿದು, ಆಗಲೇ ಹೊಳೆದ ಮಾತುಗಳಲ್ಲಿ ಒಬ್ಬರನ್ನೊಬ್ಬರು ಕೆಣಕುತ್ತ, ತಡೆಯುತ್ತ, ಸಂವಾದವನ್ನು ಬೆಳೆಸುವ ಆ ಪದ್ಧತಿಯನ್ನು ಬಲ್ಲವರಿಗೆ, ಮನೋರಮೆಯ ಚುರುಕುಮಾತಿನ ಮೂಲ ಯಾವುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪ್ರಸಂಗ ಬರೆದವನಿಗೆ ಆಟದ ಬಯಲಿನಲ್ಲಿ ಕೀರ್ತಿ ಉಂಟು; ಪಂಡಿತರ ಸಭೆಯಲ್ಲಿ ಪೀಠವಿಲ್ಲ. ಅಲ್ಲಿ ಪೀಠ ಬೇಕೆಂದರೆ ಗ್ರಂಥ ಅಚ್ಚಾಗಬೇಕು. ಅಚ್ಚಾಗಬೇಕೆಂದರೆ ಹಣ ಬೇಕು, ಇಲ್ಲವೆ ಹಣವುಳ್ಳವರ ಕೃಪೆ ಬೇಕು. ಎರಡೂ ಇಲ್ಲದವನ ಕಣ್ಣು ಮೈಸೂರಿನ ಕಡೆಗೆ ಹೊರಳಿತು. ಅಲ್ಲಿ ಎಂ. ಎ. ರಾಮಾನುಜಯ್ಯಂಗಾರ್ಯರೂ ಎಸ್. ಜಿ. ನರಸಿಂಹಾಚಾರ್ಯರೂ ಕೂಡಿ 1892ರಲ್ಲಿ ‘ಕಾವ್ಯಮಂಜರಿ’ಯನ್ನು ಆರಂಭಿಸಿ, ಓಲೆಗರಿಗಳಲ್ಲಿ ಹುಳು ತಿನ್ನುತ್ತಿದ್ದ ಪ್ರಾಚೀನ ಕಾವ್ಯಗಳನ್ನು ಶೋಧಿಸಿ, ಕಂತುಕಂತಾಗಿ ಪ್ರಕಟಿಸುತ್ತಿದ್ದರು. ಕನ್ನಡಕ್ಕೆ ಅವರು ಮಾಡಿದ ಉಪಕಾರ ಸಾಮಾನ್ಯವಲ್ಲ. ಆದರೆ ಆ ಬಾಗಿಲು ಗತಿಸಿದ ಕವಿಗಳಿಗೆ ತೆರೆದದ್ದು. ಬದುಕಿರುವವನಿಗೆ, ಅದರಲ್ಲಿಯೂ ಮದರಾಸು ಆಧಿಪತ್ಯದ ಮೂಲೆಯೊಂದರಲ್ಲಿ ಕವಾಯತು ಕಲಿಸುವವನಿಗೆ, ಅಲ್ಲಿ ಏನು ಕೆಲಸ?

ಮುದ್ದಣನು ಸತ್ತ ಕವಿಗಳ ಸಾಲಿನಲ್ಲಿ ನಿಂತುಕೊಂಡನು. ತಾನು ಬರೆದುದನ್ನು ತನ್ನದೆನ್ನದೆ, ತನಗೆ ದೊರೆತ ಹಳೆಯ ಗ್ರಂಥವೆಂದು ಮೈಸೂರಿಗೆ ಕಳುಹಿಸಿದನು. ಹೀಗೆ 1895ರ ಸುಮಾರಿಗೆ ಸಹಸ್ರಕಂಠ ರಾವಣನನ್ನು ಸೀತೆಯೇ ಸಂಹರಿಸುವ ವಿಚಿತ್ರ ಕಥೆಯುಳ್ಳ ‘ಅದ್ಭುತ ರಾಮಾಯಣ’ವು ಹಳಗನ್ನಡ ಗದ್ಯದಲ್ಲಿ ಹೊರಬಂದಿತು, ಅದರ ಬೆನ್ನಿಗೆ ವಾರ್ಧಕ ಷಟ್ಪದಿಯ ‘ಶ್ರೀರಾಮ ಪಟ್ಟಾಭಿಷೇಕ’. ಈ ಎರಡನೆಯದರ ಕರ್ತೃತ್ವವನ್ನು ಮಹಾಲಕ್ಷ್ಮಿಯೆಂಬ ಹೆಸರಿಗೆ ಸಲ್ಲಿಸಿದ್ದನು. ಅದು ಅವನ ತಾಯಿಯ ಹೆಸರು. ಕಾವ್ಯವು ತನ್ನ ಹೆಸರಿನಲ್ಲಿ ಬರುವಂತಿಲ್ಲವಾದರೆ ಹೆತ್ತವಳ ಹೆಸರಿನಲ್ಲಾದರೂ ಬರಲಿ ಎಂದುಕೊಂಡನೋ ಏನೋ.

ಇದನ್ನು ಕಪಟವೆನ್ನುವವರುಂಟು, ವಿನಯವೆನ್ನುವವರೂ ಉಂಟು. ನನಗೆ ಎರಡೂ ಸರಿಯೆನಿಸುವುದಿಲ್ಲ. ಕಪಟವೆಂದರೆ ಅದರಿಂದ ಕವಿಗೆ ಏನಾದರೂ ಲಾಭವಾಗಬೇಕಷ್ಟೆ. ಇಲ್ಲಿ ಹಣವೂ ಬರಲಿಲ್ಲ, ಹೆಸರೂ ಬರಲಿಲ್ಲ. ವಿನಯವೆನ್ನೋಣವೆಂದರೆ, ಪಂಪ ರನ್ನರ ಪಂಕ್ತಿಯಲ್ಲಿ ತನ್ನ ಬರವಣಿಗೆಯನ್ನು ಸದ್ದಿಲ್ಲದೆ ಇರಿಸಿ, ಪಂಡಿತರು ಗುರುತಿಸಲಾರರೆಂದು ನಂಬುವುದಕ್ಕೆ ವಿನಯಕ್ಕಿಂತ ಹೆಚ್ಚಾದ ಎದೆಗಾರಿಕೆ ಬೇಕು. ಅದು ಬಡವನ ವ್ಯವಹಾರಜ್ಞಾನ: ಬರೆದದ್ದು ಜನರ ಕೈಗೆ ಸೇರುವುದು, ಬರೆದವನ ಹೆಸರು ಜನರ ಬಾಯಿಗೆ ಸೇರುವುದು, ಇವೆರಡರಲ್ಲಿ ಒಂದು ಮಾತ್ರ ಸಾಧ್ಯವೆಂದು ಕಂಡಾಗ ಅವನು ಮೊದಲನೆಯದನ್ನು ಆರಿಸಿಕೊಂಡನು. ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದ ಥಾಮಸ್ ಚಾಟರ್‌ಟನ್ ಎಂಬ ಬಡ ಹುಡುಗನು ಇದೇ ಬಗೆಯಾಗಿ ತನ್ನ ಕವಿತೆಗಳನ್ನು ಹಿಂದಿನ ಸಂನ್ಯಾಸಿಯೊಬ್ಬನದೆಂದು ಸಾರಿ, ಹದಿನೇಳರ ಹರೆಯದಲ್ಲಿ ಹಸಿವು ನಿರಾಶೆಗಳ ನಡುವೆ ಪ್ರಾಣ ನೀಗಿದ್ದು 1770ರಲ್ಲಿ; ಸರಿಸುಮಾರು ನೂರು ವರ್ಷಕ್ಕೆ ಮುದ್ದಣನು ಹುಟ್ಟಿದನು. ಇದು ಕಾಕತಾಳೀಯವೆಂಬುದನ್ನು ಬಲ್ಲೆ, ಆದರೂ ನೆನೆಯದಿರಲಾಗದು.

ಮೈಸೂರಿಗೆ ಕಳುಹಿಸಿದ ಮೂರನೆಯ ಕೃತಿಯಾದ ‘ಶ್ರೀ ರಾಮಾಶ್ವಮೇಧ’ವೇ ಅವನ ಮೇರುಕೃತಿ. ಕಥೆ ಪದ್ಮಪುರಾಣದ್ದು: ಸೀತಾಪರಿತ್ಯಾಗ, ಯಜ್ಞಾಶ್ವದ ಹಿಂದೆ ಶತ್ರುಘ್ನನ ದಿಗ್ವಿಜಯ, ಲವಕುಶರ ಪರಾಕ್ರಮ. ಇದನ್ನಷ್ಟೇ ಹಳಗನ್ನಡದಲ್ಲಿ ಹೇಳಿದ್ದರೆ ಪ್ರೌಢಗ್ರಂಥವೊಂದಾಗಿ ಅದು ಭಂಡಾರದ ಕಪಾಟಿನಲ್ಲಿ ಉಳಿಯುತ್ತಿತ್ತು. ಮುದ್ದಣನು ಕಥೆಯ ಹೊರಗೊಂದು ಮನೆ ಕಟ್ಟಿ, ಅದರಲ್ಲಿ ಹೇಳುವವನನ್ನೂ ಕೇಳುವವಳನ್ನೂ ಕೂರಿಸಿದನು. ಮನೋರಮೆ ತಲೆದೂಗುತ್ತ ಕೂರುವ ಶ್ರೋತೃವಲ್ಲ. ಪದ್ಯವೋ ಗದ್ಯವೋ ಎಂದು ಗಂಡ ಕೇಳಿದರೆ ಗದ್ಯವೇ ಆಗಬೇಕೆಂದು ಅಪ್ಪಣೆ ಕೊಡುವಳು. ಆತನು ಸಂಸ್ಕೃತದ ಸಮಾಸಗಳನ್ನು ಹೆಣೆಯತೊಡಗಿದರೆ, ನಿನ್ನ ಪಾಂಡಿತ್ಯ ಸಾಕು, ತಿಳಿಯುವಂತೆ ಹೇಳು ಎಂದು ತಡೆಯುವಳು. ಕಥೆಗೆ ಏನು ಬಹುಮಾನವೆಂದು ಅವನು ಕೇಳುವುದು, ಅದಕ್ಕೆ ಅವಳು ಕೊಡುವ ಉತ್ತರ, ಎಲ್ಲದರಲ್ಲಿಯೂ ದಾಂಪತ್ಯದ ಸಲಿಗೆ ಉಂಟು. ಆಚೆ ಅಶ್ವಮೇಧದ ಕುದುರೆ ಓಡುತ್ತಿದ್ದರೆ ಈಚೆ ಗಂಡಹೆಂಡಿರ ವಾಗ್ವಾದ. ಸಾಹಿತ್ಯದಲ್ಲಿ ಪಾಂಡಿತ್ಯ ಎಷ್ಟಿರಬೇಕು, ಓದುಗನ ಹಕ್ಕೇನು ಎಂಬ ವಿಮರ್ಶೆಯ ಪ್ರಶ್ನೆಗಳೆಲ್ಲ ಇಲ್ಲಿ ಒಬ್ಬ ಹೆಂಗಸಿನ ಬಾಯಲ್ಲಿ, ತಮಾಷೆಯಾಗಿ ಬಂದುಬಿಡುತ್ತವೆ.

ಹಳೆಯ ವೇಷದಲ್ಲಿದ್ದ ಈ ಕವಿಯ ಹೊಸತನ ಬಯಲಾಗುವುದೂ ಇಲ್ಲಿಯೇ. ಕಿವಿ ಸೂಕ್ಷ್ಮವಾಗಿರುವವರಿಗೆ ಆ ಹಳಗನ್ನಡದ ಅಡಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಕರಾವಳಿಯ ಮಾತು ಕೇಳಿಸುತ್ತದೆ. ಅವನ ಹೆಂಡತಿ ಕಮಲಾಬಾಯಿಯೇ ಮನೋರಮೆಯೆಂದು ಕೆಲವರು ಕಲ್ಪಿಸಿಕೊಳ್ಳುತ್ತಾರೆ, ಇರಲೂಬಹುದು. ನನ್ನನ್ನು ಕಾಡುವುದು ಅದಲ್ಲ, ಆ ಮನೆಯ ಸಮೃದ್ಧಿ. ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸಬೇಕಾದವನು ಕಾಗದದ ಮೇಲೆ ಇಳಿಸಿದ ಮನೆಯಲ್ಲಿ ಉಪಚಾರಕ್ಕೆ ಕೊರತೆಯಿಲ್ಲ, ಮಾತಿಗೆ ಬಿಡುವಿಲ್ಲದ ಅವಸರವಿಲ್ಲ, ಕೆಮ್ಮಿನ ಸದ್ದಿಲ್ಲ.

ಏಕೆಂದರೆ ನಿಜದ ಮನೆಯನ್ನು ಕ್ಷಯದ ಕೆಮ್ಮು ಆಗಲೇ ಹೊಕ್ಕಿತ್ತು. ಕ್ಷಯರೋಗಕ್ಕೆ ಕಾರಣವಾದ ಕ್ರಿಮಿಯನ್ನು ಜರ್ಮನಿಯ ಕೋಖನು 1882ರಲ್ಲಿಯೇ ಕಂಡುಹಿಡಿದಿದ್ದರೂ, ಅದನ್ನು ಕೊಲ್ಲುವ ಔಷಧ ಲೋಕಕ್ಕೆ ದೊರೆತದ್ದು 1940ರ ದಶಕದಲ್ಲಿ. ಅಲ್ಲಿಯವರೆಗೆ ವೈದ್ಯರು ಹೇಳಬಹುದಾಗಿದ್ದುದು ವಿಶ್ರಾಂತಿ, ಒಳ್ಳೆಯ ಗಾಳಿ, ಪುಷ್ಟಿಕರವಾದ ಆಹಾರ. ಬಡ ಉಪಾಧ್ಯಾಯನಿಗೆ ಈ ಮೂರರಲ್ಲಿ ಸುಲಭವಾದದ್ದು ಗಾಳಿಯೊಂದೇ. ಹುಡುಗರಿಗೆ ದೇಹದಾರ್ಢ್ಯದ ಪಾಠ ಹೇಳುತ್ತಿದ್ದವನ ದೇಹವೇ ಕರಗುತ್ತಿದ್ದ ಆ ವರ್ಷಗಳಲ್ಲಿ ‘ರಾಮಾಶ್ವಮೇಧ’ವು ಸಿದ್ಧವಾಗಿ ಮೈಸೂರಿಗೆ ಹೋಯಿತು. 1901ರ ಫೆಬ್ರವರಿಯಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಹೆಂಡತಿಯನ್ನೂ ಎಳೆಯ ಮಗನನ್ನೂ ಬಿಟ್ಟು ಮುದ್ದಣನು ತೀರಿಕೊಂಡನು. ‘ಗೋದಾವರಿ’ ಎಂಬ ಕಾದಂಬರಿಯೊಂದನ್ನೂ ಅವನು ಬರೆಯುತ್ತಿದ್ದನೆಂದು ಹೇಳುತ್ತಾರೆ. ಅದು ನಮಗೆ ದಕ್ಕಲಿಲ್ಲ. ರಾಮಕಥೆಯ ಮರೆಯನ್ನು ಬಿಟ್ಟು ತನ್ನ ಕಾಲದ ಜೀವನವನ್ನು ನೇರವಾಗಿ ಬರೆಯಹೊರಟಿದ್ದನೋ ಎಂದು ತಿಳಿಯುವ ಸಾಧನ ಹೀಗೆ ತಪ್ಪಿಹೋಯಿತು.

ಮುದ್ದಣನೆಂಬ ಪ್ರಾಚೀನ ಕವಿ ಬೇರೆಯಲ್ಲ, ನಂದಳಿಕೆಯ ಲಕ್ಷ್ಮೀನಾರಣಪ್ಪನೇ ಅವನು ಎಂಬ ಸಂಗತಿ ನಾಡಿಗೆಲ್ಲ ಖಚಿತವಾದದ್ದು ಅವನ ಮರಣಾನಂತರ. ಅಲ್ಲಿಂದೀಚೆಗೆ ಹೊಸಗನ್ನಡದ ಮುಂಗೋಳಿಯೆಂಬ ಪ್ರಶಸ್ತಿ ಅವನಿಗೆ ಸಂದಿದೆ. ಸಾಹಿತ್ಯಚರಿತ್ರೆಗಳಲ್ಲಿ ಅಧ್ಯಾಯ ಮೀಸಲಾಗಿದೆ. ಆದರೆ ಪಠ್ಯಪುಸ್ತಕಗಳ ದೆಸೆಯಿಂದ ಸಲ್ಲಾಪವೊಂದೇ ಪ್ರಸಿದ್ಧವಾಗಿ, ಉಳಿದ ‘ರಾಮಾಶ್ವಮೇಧ’ವನ್ನು ಓದುವವರು ಕಡಿಮೆಯಾದುದು ಅವನಿಗೆ ಆದ ಅನ್ಯಾಯವೇ ಸರಿ. ಯುದ್ಧವರ್ಣನೆಗಳು ಅಲ್ಲಲ್ಲಿ ದಣಿಸುತ್ತವೆ, ನಿಜ. ಆದರೆ ಸೀತೆಯನ್ನು ಕಾಡಿಗೆ ಕಳುಹಿಸುವ ಭಾಗವನ್ನಾದರೂ ಒಮ್ಮೆ ಗಟ್ಟಿಯಾಗಿ ಓದಿನೋಡಬೇಕು. ಅಲ್ಲಿಯ ಗದ್ಯಕ್ಕೆ ಅರ್ಥಕೋಶದ ನೆರವು ಹೆಚ್ಚಾಗಿ ಬೇಕಾಗುವುದಿಲ್ಲ.