ಸೂರ್ಯಕಿರಣ ತಂಡ ಕಲಿಸುವ ಸವಕಳಿಯ ಪಾಠ

ಯಲಹಂಕ ವಾಯುನೆಲೆಯಲ್ಲಿ ಎರಡು ವರ್ಷಗಳಿಗೊಮ್ಮೆ ಜರುಗುವ 'ಏರೋ ಇಂಡಿಯಾ' ಪ್ರದರ್ಶನದಲ್ಲಿ ಜನಸಾಮಾನ್ಯರ ಕಣ್ಮನ ಸೆಳೆಯುತ್ತಿದ್ದುದು ಭಾರತೀಯ ವಾಯುಪಡೆಯ 'ಸೂರ್ಯಕಿರಣ' ತಂಡ. ಒಂಬತ್ತು ಪುಟ್ಟ ಜೆಟ್ ವಿಮಾನಗಳು ಒಂದೇ ವಿನ್ಯಾಸದಲ್ಲಿ ಮೇಲೇರಿ ಮಗುಚುತ್ತಿದ್ದ ಆ ದೃಶ್ಯ 2011ರ ಫೆಬ್ರವರಿಯ ಪ್ರದರ್ಶನದ ಬಳಿಕ ನಿಂತುಹೋಯಿತು. ಇದರ ಹಿಂದಿನ ಕಾರಣವು ವಾಣಿಜ್ಯೋದ್ಯಮಿಗಳೆಲ್ಲರೂ ಮನನ ಮಾಡಿಕೊಳ್ಳಬೇಕಾದಂಥದು.

ಬೆಂಗಳೂರಿನ ಸೃಷ್ಟಿ

ಆ ವಿಮಾನದ ಹೆಸರು 'ಕಿರಣ್'. ಡಾ. ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಈ ತರಬೇತಿ ಜೆಟ್ 1964ರ ಸೆಪ್ಟೆಂಬರ್ 4ರಂದು ಮೊದಲ ಬಾರಿಗೆ ಹಾರಿತು. ಗುರುಶಿಷ್ಯರಿಬ್ಬರೂ ಅಕ್ಕಪಕ್ಕದಲ್ಲೇ ಕುಳಿತುಕೊಳ್ಳುವುದು ಇದರ ವೈಶಿಷ್ಟ್ಯ. ಹೆಚ್ಚು ಶಕ್ತಿಯ ಆರ್ಫಿಯಸ್ ಎಂಜಿನ್ ಹೊಂದಿದ ಮಾರ್ಕ್-2 ಮಾದರಿ 1976ರಲ್ಲಿ ಹಾರಿತು. 1996ರಲ್ಲಿ ಬೀದರ್‌ನಲ್ಲಿ ಸ್ಥಾಪಿತವಾದ ಸೂರ್ಯಕಿರಣ ತಂಡವು ಬಳಸಿದ್ದು ಇದೇ ಮಾದರಿಯನ್ನು. ಆರು ವಿಮಾನಗಳಿಂದ ಆರಂಭವಾದ ತಂಡ ಮುಂದೆ ಒಂಬತ್ತಕ್ಕೆ ಬೆಳೆಯಿತು.

ಕೊರತೆ ಬಂದ ಬಗೆ

2009ರಲ್ಲಿ ಅಪಘಾತವೊಂದರ ನಂತರ ಪ್ರಾಥಮಿಕ ತರಬೇತಿಯ ಎಚ್‌ಪಿಟಿ-32 ವಿಮಾನಗಳನ್ನು ಹಾರಾಟದಿಂದ ಹಿಂತೆಗೆದುಕೊಳ್ಳಲಾಯಿತು. ಆ ಹೊರೆಯೂ ಕಿರಣ್ ಮೇಲೆಯೇ ಬಿದ್ದಿತು. ಅದರ ಉತ್ತರಾಧಿಕಾರಿಯಾಗಬೇಕಿದ್ದ 'ಸಿತಾರಾ' 2003ರಲ್ಲೇ ಹಾರಿದ್ದರೂ, ಗಿರಕಿಗೆ ಸಿಲುಕಿದ ವಿಮಾನವನ್ನು ಸುರಕ್ಷಿತವಾಗಿ ಹೊರತರುವ ಸಮಸ್ಯೆ ಬಹುಕಾಲ ಬಗೆಹರಿಯಲಿಲ್ಲ. 2025ರಲ್ಲಿ ಅದಕ್ಕೆ 'ಯಶಸ್' ಎಂದು ಮರುನಾಮಕರಣವಾದಾಗಲೂ ಅದು ವಾಯುಪಡೆಯ ತರಬೇತಿಗೆ ಸೇರಿರಲಿಲ್ಲ. ಹೀಗಾಗಿ ಪ್ರದರ್ಶನದ ವಿಮಾನಗಳು ತರಗತಿಗೆ ಮರಳಬೇಕಾಯಿತು. 2015ರಲ್ಲಿ ತಂಡ ಪುನರುಜ್ಜೀವನಗೊಂಡಿದ್ದು ಬ್ರಿಟಿಷ್ ವಿನ್ಯಾಸದ 'ಹಾಕ್' ವಿಮಾನಗಳೊಂದಿಗೆ. ಇವನ್ನು ಪರವಾನಗಿಯಡಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿಯೂ ನಿರ್ಮಿಸಲಾಗಿದೆ.

ಲೆಕ್ಕಪತ್ರದ ದೃಷ್ಟಿ

ಯಂತ್ರವೊಂದು ಚೆನ್ನಾಗಿ ದುಡಿಯುತ್ತಿರುವಾಗ ಅದರ ಬದಲಿಯ ಚಿಂತೆ ಯಾರನ್ನೂ ಕಾಡುವುದಿಲ್ಲ. ಪ್ರತಿವರ್ಷ ಲಾಭನಷ್ಟದ ಪಟ್ಟಿಯಲ್ಲಿ ಸವಕಳಿಯನ್ನು ತೋರಿಸಿದರೆ ಕರ್ತವ್ಯ ಮುಗಿಯಿತೆಂದು ಅನೇಕರು ಭಾವಿಸುತ್ತಾರೆ. ಆದರೆ ಸವಕಳಿ ಕೇವಲ ಪುಸ್ತಕದ ನಮೂದು. ಅದು ತಾನಾಗಿಯೇ ಹೊಸ ಯಂತ್ರವನ್ನು ತಂದು ನಿಲ್ಲಿಸದು. ಹಣವನ್ನು ಪ್ರತ್ಯೇಕವಾಗಿ ಕಾದಿರಿಸಬೇಕು, ಬದಲಿ ಯಂತ್ರ ಕೈಸೇರಲು ತಗಲುವ ಅವಧಿಯನ್ನು ಎಣಿಕೆಗೆ ತೆಗೆದುಕೊಳ್ಳಬೇಕು, ಆ ಯೋಜನೆ ತಡವಾದರೆ ಪರ್ಯಾಯವೇನೆಂಬುದನ್ನೂ ಮೊದಲೇ ನಿರ್ಧರಿಸಬೇಕು. ಪುಸ್ತಕ ಮೌಲ್ಯ ಶೂನ್ಯವಾದ ಯಂತ್ರವೊಂದರ ಮೇಲೆ ಇಡೀ ಕಾರ್ಖಾನೆ ನಿಂತಿರುವುದಾದರೆ ಅಪಾಯ ಸಮೀಪಿಸಿದೆಯೆಂದೇ ಅರ್ಥ.

ಸದವಕಾಶ

2023ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯವು 70 ಎಚ್‌ಟಿಟಿ-40 ಪ್ರಾಥಮಿಕ ತರಬೇತಿ ವಿಮಾನಗಳಿಗಾಗಿ ಎಚ್‌ಎಎಲ್‌ನೊಡನೆ 6,800 ಕೋಟಿ ರೂ.ಗೂ ಮಿಗಿಲಾದ ಒಪ್ಪಂದ ಮಾಡಿಕೊಂಡಿತು. ಇದರ ಪೂರೈಕೆ ಸರಪಳಿಯಲ್ಲಿ ನೂರಕ್ಕೂ ಹೆಚ್ಚು ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ಕೆಲಸ ದೊರೆಯುವುದೆಂದು ಆಗ ಸರ್ಕಾರ ತಿಳಿಸಿತ್ತು. ಬಿಡಿಭಾಗ ತಯಾರಿಸುವ ಉದ್ಯಮಿಗಳಿಗೆ ಇದು ಸದವಕಾಶ. ಆದರೆ ಅದನ್ನು ಪಡೆಯಬಯಸುವವರು ಮೊದಲು ತಮ್ಮದೇ ಯಂತ್ರಗಳ ಉಳಿದ ಆಯುಷ್ಯವನ್ನು ಲೆಕ್ಕ ಹಾಕುವುದು ಒಳಿತು.