ಅಂಚು ಕಳಚುತ್ತಿರುವ ಊರು ಚೀವಿತ

ಇಟಲಿ ಎಂದೊಡನೆ ನಮಗೆಲ್ಲ ರೋಮ್, ವೆನಿಸ್ ನೆನಪಾಗುತ್ತವೆ, ಅಲ್ಲವೇ? ಆದರೆ ಗೆಳತಿಯರೇ, ರೋಮಿನಿಂದ ಉತ್ತರಕ್ಕೆ ಸುಮಾರು 120 ಕಿಲೋಮೀಟರ್ ದೂರದಲ್ಲಿ ಒಂದು ಪುಟ್ಟ ಊರಿದೆ. ಚೀವಿತ ದಿ ಬಾನ್ಯೊರೇಜೊ ಅಂತ ಅದರ ಹೆಸರು. ಸುತ್ತ ಆಳವಾದ ಕಣಿವೆ, ನಡುವೆ ನೆಟ್ಟಗೆ ಎದ್ದ ಗುಡ್ಡ, ಅದರ ನೆತ್ತಿಯ ಮೇಲೆ ಒತ್ತೊತ್ತಾಗಿ ಕಲ್ಲಿನ ಮನೆಗಳು. ಕಣಿವೆಯಲ್ಲಿ ಮಂಜು ತುಂಬಿದಾಗ ಊರೇ ಗಾಳಿಯಲ್ಲಿ ತೇಲುತ್ತಿರುವ ಹಾಗೆ ಕಾಣುತ್ತದೆ.

ನೋಡೋಕೆ ಚೆಂದ, ಆದರೆ ಊರಿನ ಕಷ್ಟವೂ ಅಲ್ಲೇ ಇದೆ. ಗುಡ್ಡದ ಮೇಲ್ಭಾಗ ಹಿಂದೆ ಜ್ವಾಲಾಮುಖಿಗಳು ಉಗುಳಿದ ಬೂದಿ ಗಟ್ಟಿಯಾಗಿ ಆದ ಕಲ್ಲು. ಅದರ ಕೆಳಗಿರುವುದು ಬರೀ ಜೇಡಿಮಣ್ಣು. ಕಲಸಿಟ್ಟ ಹಿಟ್ಟಿನ ಮೇಲೆ ಹೆಂಚು ಇಟ್ಟ ಹಾಗೆ ಅನ್ನಿ! ಮಳೆಯೂ ಕೆಳಗೆ ಹರಿಯುವ ಎರಡು ಹೊಳೆಗಳೂ ಮಣ್ಣನ್ನು ಕೊರೆಯುತ್ತವೆ. ಆಸರೆ ತಪ್ಪಿದ ಕಲ್ಲು ಬಿರುಕುಬಿಟ್ಟು ಅಂಚಿನಿಂದ ಕಳಚಿ ಬೀಳುತ್ತದೆ. ಜೊತೆಗೆ ಮನೆಯೂ ಹೋಗುತ್ತದೆ. ಕ್ರೈಸ್ತ ಸಂತ ಬೊನವೆಂತೂರ ಹುಟ್ಟಿದ್ದು ಈ ಊರಿನಲ್ಲೇ, 13ನೇ ಶತಮಾನದಲ್ಲಿ. ಅವರು ಹುಟ್ಟಿದ ಮನೆ ಎಂದೋ ಕಣಿವೆಗೆ ಜಾರಿಹೋಯಿತು.

ಊರು ಕಟ್ಟಿದವರು ರೋಮನ್ನರಿಗೂ ಮುಂಚಿನ ಎಟ್ರುಸ್ಕನ್ ಜನ, 2,500 ವರ್ಷಗಳ ಹಿಂದೆ. ಶತ್ರುಗಳು ಹತ್ತಲಾಗದ ಎತ್ತರ ಅವರಿಗೆ ಬೇಕಿತ್ತು. ಆಗ ಪಕ್ಕದ ಬಾನ್ಯೊರೇಜೊಗೂ ಇದಕ್ಕೂ ನಡುವೆ ನೆಲದ ಏಣು ಇತ್ತು. ಅದೂ ಸವೆಯುತ್ತ ಬಂತು. 1695ರ ಭೂಕಂಪದಲ್ಲಿ ಮನೆಗಳು ಕುಸಿದವು. ಬಿಷಪ್ಪರ ಪೀಠ, ಊರಾಡಳಿತ ಎರಡೂ ಬಾನ್ಯೊರೇಜೊಗೆ ಎದ್ದುಹೋದವು. ಹಿಂದೆಯೇ ಜನವೂ ಹೊರಟರು. ಅಲ್ಲಿನವರೇ ಆದ ಲೇಖಕ ಬೊನವೆಂತೂರ ತೆಕ್ಕಿ ಇದನ್ನು 'ಸಾಯುತ್ತಿರುವ ಊರು' ಎಂದು ಕರೆದರು. ಇಂದು ವರ್ಷವಿಡೀ ಅಲ್ಲೇ ವಾಸಿಸುವವರು ಹತ್ತು-ಹದಿನೈದು ಮಂದಿ, ಅಷ್ಟೇ.

ಒಳಗೆ ಹೋಗಲು ಇರುವುದು ಕಾಲುಸೇತುವೆಯೊಂದೇ, 1965ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದ್ದು. ಕಾರು ಹೋಗುವಂತಿಲ್ಲ. ಹಿಂದೆ ಕತ್ತೆಗಳೇ ಸಾಮಾನು ಹೊರುತ್ತಿದ್ದವು. ತಿಂಗಳ ದಿನಸಿಯನ್ನು ಹೀಗೆ ಏರಿನಲ್ಲಿ ತರುವುದು ಎಂದರೆ ನಮ್ಮಂಥವರಿಗೆ ಸೊಂಟ ಹಿಡಿಯದೇ ಇದ್ದೀತೇ?

2013ರಲ್ಲಿ ಒಂದು ಹೊಸ ಉಪಾಯ ಮಾಡಿದರು: ಊರು ನೋಡಲು ಬಂದವರಿಗೆ ಟಿಕೆಟ್! ಮೊದಲು ಒಂದೂವರೆ ಯೂರೋ ಇತ್ತು, ಆಮೇಲೆ ಐದಕ್ಕೆ ಏರಿತು. ಊರಿಗೆ ಟಿಕೆಟ್ಟೇ ಅಂತ ಮೂಗು ಮುರಿಯಬೇಡಿ. ಆಮೇಲೆ ಪ್ರವಾಸಿಗರು ಕಡಿಮೆಯಾಗಲಿಲ್ಲ, ಲಕ್ಷಗಟ್ಟಲೆ ಬಂದರು. ಊರನ್ನು ಕಾಪಾಡಿಕೊಳ್ಳಲು ಒಂದಿಷ್ಟು ಹಣವಾಯಿತು. ಆದರೆ ಬೀಗ ಹಾಕಿದ ಮನೆಗಳಿಗೆ ಸಂಸಾರಗಳು ವಾಪಸು ಬಂದಿಲ್ಲ. ಮಧ್ಯಾಹ್ನ ಕಾಲಿಡಲು ಜಾಗವಿಲ್ಲದ ಚೌಕ, ರಾತ್ರಿ ಬಿಕೋ ಅನ್ನುತ್ತದೆ. ನನಗೇನೋ ಇದು ಅರ್ಧ ಗೆಲುವು ಅಂತಲೇ ಅನಿಸುತ್ತದೆ.

ಹೋಗುವ ಅವಕಾಶ ಸಿಕ್ಕರೆ ರೋಮಿನಿಂದ ಒರ್ವಿಯೆತೊವರೆಗೆ ರೈಲು, ಅಲ್ಲಿಂದ ಬಾನ್ಯೊರೇಜೊಗೆ ಬಸ್ಸು. ಸೇತುವೆಯ ಕೊನೆ ಕಡಿದಾದ ಏರು. ಹಿಮ್ಮಡಿ ಎತ್ತರದ ಚಪ್ಪಲಿ ಬೇಡ. ಮೇಲೆ ಹತ್ತಿದ ಮೇಲೆ ಬ್ರುಸ್ಕೆತ್ತ ತಿನ್ನಿ: ಸುಟ್ಟ ಬ್ರೆಡ್ಡಿಗೆ ಹಸಿ ಬೆಳ್ಳುಳ್ಳಿ ಉಜ್ಜಿ, ಮೇಲೆ ಆಲಿವ್ ಎಣ್ಣೆ ಸುರಿದು, ಚಿಟಿಕೆ ಉಪ್ಪು ಉದುರಿಸಿ ಕೊಡುತ್ತಾರೆ.